ಗುರ್ದಾ ನೋಡುವ ಕೈ

ನಮ್ಮ ಮನೆಯಲ್ಲಿ ಕುರಿ ಸತ್ತರೆ ಮೊದಲು ಯಾರೂ ಅಳುತ್ತಿರಲಿಲ್ಲ, ಹಣೆಬರಹ ಎಂದು ಬೈದುಕೊಳ್ಳುತ್ತಲೂ ಇರಲಿಲ್ಲ. ಮೊದಲು ಅದರ ಗುರ್ದಾ ನೋಡುತ್ತಿದ್ದರು. ಬೇರೆ ಸೀಮೆಯವರಿಗಾಗಿ ಹೇಳುತ್ತೇನೆ, ಗುರ್ದಾ ಎಂದರೆ ಮೂತ್ರಪಿಂಡ. ಆದರೆ ಭಾತಂಬ್ರಾದ ನಮ್ಮ ಮನೆಯಲ್ಲಿ ಮೂತ್ರಪಿಂಡ ಎಂದಿದ್ದರೆ ಯಾರೋ ಸತ್ತವರಿಗೆ ಪಿಂಡ ಇಡುವ ಮಾತು ಎಂದುಕೊಳ್ಳುತ್ತಿದ್ದರು. ಗುರ್ದಾ ಅಂದರೆ ಗುರ್ದಾ, ಕಲೇಜಾ ಅಂದರೆ ಪಿತ್ತಜನಕಾಂಗ, ತಿಲ್ಲಿ ಅಂದರೆ ಗುಲ್ಮ. ಕುರಿಯ ಹೊಟ್ಟೆಯೊಳಗಿನ ಈ ಮೂರು ಹೆಸರು ನನಗೆ ಅಕ್ಷರ ಬರುವ ಮೊದಲೇ ಬಂದಿದ್ದವು.

ಮೊದಲ ಮಳೆ ಬಿದ್ದು ಹಸಿ ಹುಲ್ಲು ಚಿಗುರುವ ದಿನಗಳಲ್ಲಿ ಕುರಿಗಳಿಗೆ ಒಂದು ರೋಗ ಬರುತ್ತದೆ. ನಾವು ಕರುಳ ಬ್ಯಾನಿ ಎನ್ನುತ್ತೇವೆ. ಬಡಕಲು ಕುರಿಗೆ ಬರುವುದಿಲ್ಲ, ಹಿಂಡಿನಲ್ಲಿ ಎಲ್ಲಕ್ಕಿಂತ ಮೈತುಂಬಿಕೊಂಡ ಕುರಿಗೇ ಬರುತ್ತದೆ. ಸಂಜೆ ಹೊಟ್ಟೆ ತುಂಬ ಮೇಯ್ದು ಬಂದದ್ದು ಬೆಳಗಾಗುವಷ್ಟರಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಆಗ ಅಪ್ಪ ಅದರ ಹೊಟ್ಟೆ ಸೀಳಿ, ಗುರ್ದಾ ತೆಗೆದು, ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಹಸಿ ಮಣ್ಣಿನ ಹಾಗೆ ಕುಸಿದರೆ ಕರುಳ ಬ್ಯಾನಿ ಖಾತ್ರಿ. ಕೂಡಲೇ ಭಾಲ್ಕಿಯ ಪಶು ದವಾಖಾನೆಗೆ ಓಡಿ ಉಳಿದ ಹಿಂಡಿಗೆ ಸೂಜಿ ಹಾಕಿಸುವುದು. ಗುರ್ದಾ ಗಟ್ಟಿಯಿದ್ದರೆ ಇನ್ನೇನೋ ಆಗಿದೆ ಎಂದರ್ಥ. ಇಷ್ಟೇ ವಿದ್ಯೆ. ಈ ವಿದ್ಯೆಯಿಂದ ನಮ್ಮ ಹಿಂಡು ಎಷ್ಟೋ ಸಲ ಉಳಿದಿದೆ, ಸುಳ್ಳು ಯಾಕೆ ಹೇಳಲಿ.

ನಾನು ಓದಿ ಬೀದರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದೆ. ರಕ್ತ, ಕಫ, ಕೀವು ನೋಡುವ ಕೆಲಸ. ಓದುವಾಗ ಕರುಳ ಬ್ಯಾನಿಯ ಹಿಂದಿನ ಸಂಗತಿ ತಿಳಿಯಿತು. ಊರಿಗೆ ಹೋದಾಗ ದೊಡ್ಡ ಪಂಡಿತೆಯ ಹಾಗೆ ಅಪ್ಪನಿಗೆ ಹೇಳಲು ಕೂತೆ. ಕರುಳಿನಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಅಂದರೆ ಕಣ್ಣಿಗೆ ಕಾಣದ ಹುಳ, ಮೇವು ಹೆಚ್ಚಾದಾಗ ಅದು ವಿಪರೀತ ಬೆಳೆದು ವಿಷ ಬಿಡುತ್ತದೆ ಎಂದೆ.

"ಹುಳ ಕರಳಾಗ ಅದ ಅಂತಿ. ಮತ್ತ ಗುರ್ದಾ ಯಾಕ ಕರಗ್ತದ?" ಎಂದು ಅಪ್ಪ ಕೇಳಿದ.

"ಹುಳ ಅಲ್ಲಿಗಿ ಹೋಗಂಗಿಲ್ಲಪ್ಪಾ. ಅದರ ವಿಷ ರಕ್ತದಾಗ ಕೂಡಿ ಹೋಗ್ತದ."

"ಹಂಗಾದ್ರ ಹುಳ ಮನ್ಯಾಗ ಕುಂತು ಊರು ಸುಡ್ತದ ಅನ್ನು" ಎಂದು ಅಪ್ಪ ನಕ್ಕ. ನಾನೂ ನಕ್ಕೆ. ಪಕ್ಕದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ನನ್ನ ತಮ್ಮ ಮಾತ್ರ ನಗದೆ, "ಅಕ್ಕಾ, ನೀ ಗಾಜಿನಾಗ ನೋಡ್ತಿ, ನಾವು ಕೈಯಾಗ ನೋಡ್ತೇವಿ. ಇಬ್ಬರದೂ ಒಂದೇ ನೌಕರಿ, ಪಗಾರ ಮಾತ್ರ ನಿನಗ" ಎಂದ.

ಅಪ್ಪ ತೀರಿಕೊಂಡ ಮೇಲೆ ಹಿಂಡೂ, ಗುರ್ದಾ ನೋಡುವ ಕೆಲಸವೂ ತಮ್ಮನ ಪಾಲಿಗೆ ಬಂದವು. ಅವನ ಕೈ ಬಹಳ ಚುರುಕು. ನಾನು ಅವನನ್ನು ಕುರಿ ಡಾಕ್ಟರ್ ಎಂದು ಕಾಡಿಸುತ್ತಿದ್ದೆ. ಅವನು ನನ್ನನ್ನು ಸೊಳ್ಳೆ ಎನ್ನುತ್ತಿದ್ದ, ದಿನವೂ ಮಂದಿಯ ರಕ್ತ ತೆಗೆಯುತ್ತೇನಲ್ಲ, ಅದಕ್ಕೆ. ಊರಿನಿಂದ ಫೋನ್ ಬಂದರೆ, "ಏನವಾ ಸೊಳ್ಳೀ, ಇವತ್ತ ಯಾರ್‍ದು ಕುಡದಿ?" ಎಂದೇ ಮಾತು ಶುರು. ಮೂವತ್ತು ದಾಟಿದ, ಹೆಂಡತಿಯಿದ್ದ, ಸಾಲೆಗೆ ಹೋಗುವ ಮಗಳಿದ್ದ ಗಂಡಸು ಆಡುವ ಮಾತೇ ಅದು? ಈಗ ಯಾರಾದರೂ ಸೊಳ್ಳೆ ಎಂಬ ಮಾತು ಆಡಿದರೂ ನನಗೆ ತಡೆಯುವುದಿಲ್ಲ, ಎದ್ದು ಒಳಗೆ ಹೋಗುತ್ತೇನೆ.

ಆ ವರ್ಷ ಮಳೆ ಬೇಗ ಬಂತು. ನಮ್ಮ ಕಡೆ ಹೊಲಗಳಲ್ಲೆಲ್ಲ ಸೋಯಾ, ಉದ್ದು ಬಿತ್ತಿದ್ದರಿಂದ ಕುರಿಗೆ ಕಾಲಿಡಲು ಜಾಗವಿರಲಿಲ್ಲ. ತಮ್ಮನೂ ಊರಿನ ಇನ್ನಿಬ್ಬರು ಕುರಿಗಾರರೂ ಹಿಂಡು ಕೂಡಿಸಿಕೊಂಡು ಔರಾದ ಕಡೆ ಹೋದರು. ಅಲ್ಲಿ ಕೆರೆಯಂಚಿಗೆ ಒಬ್ಬರ ಬೀಳು ಹೊಲ. ಒಳ್ಳೆಯ ಮೇವು. ಹೊಲದವರಿಗೂ ಗೊಬ್ಬರವಾಗುತ್ತದೆ, ನಿಲ್ಲಿಸಿಕೊಂಡರು. ಬಹಳ ಹಿಂದೆ ಆ ಹೊಲದ ಮೂಲೆಯಲ್ಲಿ ಸತ್ತ ಎತ್ತುಗಳನ್ನು ಹೂತಿದ್ದರಂತೆ. ಅದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಹೊಲದವರಿಗೂ ನೆನಪಿರಲಿಲ್ಲ, ಅದು ಅವರ ಅಜ್ಜನ ಕಾಲದ ಮಾತು. ಮಣ್ಣಿಗೆ ಮಾತ್ರ ನೆನಪಿತ್ತು.

ಒಂದು ಬೆಳಗ್ಗೆ ಅವನ ಫೋನ್ ಬಂತು. ಸೊಳ್ಳೆ ಗಿಳ್ಳೆ ಏನಿಲ್ಲ, ನೇರ ಮಾತು.

"ಅಕ್ಕಾ, ಒಂದು ಕುರಿ ಸತ್ತದ. ಛಲೋ ಮೈ ಇದ್ದದ್ದು. ಕರುಳ ಬ್ಯಾನಿ ಇರಬೇಕು ಅಂತ ಸೀಳಿ ನೋಡಿದ್ರ ಗುರ್ದಾ ಗಟ್ಟಿ ಅದ. ಖರೇ ತಿಲ್ಲಿ ನೋಡಿದ್ರ ಎದಿ ಧಸಕ್ ಅಂತದ. ಈಟು ಉಬ್ಬ್ಯಾದ, ಕರ್ರಗ, ಡಾಂಬರು ಇದ್ದಂಗ. ರಕ್ತ ಹೆಪ್ಪೇ ಆಗವಲ್ದು."

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟೆ. ಪಾಠದಲ್ಲಿ ಓದಿದ್ದೆಲ್ಲ ಸಾಲು ಸಾಲಾಗಿ ಎದುರು ಬಂತು. ಅದು ಆಂಥ್ರಾಕ್ಸ್. ಕನ್ನಡದಲ್ಲಿ ನೆರಡಿ ರೋಗ ಎನ್ನುತ್ತಾರೆ. ಆ ರೋಗದಿಂದ ಸತ್ತ ದನವನ್ನಾಗಲಿ ಕುರಿಯನ್ನಾಗಲಿ ಸೀಳಲೇಬಾರದು. ಸೀಳಿದರೆ ಒಳಗಿನ ಹುಳಕ್ಕೆ ಗಾಳಿ ತಾಗಿ, ಮೈಮೇಲೆ ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜವಾಗಿ, ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗುತ್ತದೆ.

"ಕೈ ತೊಳಕೊಂಡ್ಯಾ?"

"ತೊಳಕೊಂಡೀನಿ."

"ಸಾಬೂನು ಹಚ್ಚಿ?"

"ಈ ಅಡವ್ಯಾಗ ನಿನಗ ಸಾಬೂನು ಎಲ್ಲಿಂದ ತರ್ಲಿ? ಬೂದಿ ಹಚ್ಚಿ ತಿಕ್ಕಿ ತೊಳದೀನಿ."

ನಾನು ಕಿರುಚಾಡಿಬಿಟ್ಟೆ. ಅದನ್ನು ಇನ್ನು ಯಾರೂ ಮುಟ್ಟಬೇಡಿ, ತೊಗಲು ಸುಲಿಯಬೇಡಿ, ಒಂದು ತುಂಡು ಬಾಯಿಗೆ ಹಾಕಬೇಡಿ, ಆಳವಾಗಿ ತೋಡಿ ಸುಣ್ಣ ಸುರಿದು ಮುಚ್ಚಿ, ಪಶು ಡಾಕ್ಟರನ್ನು ಕರೆಸಿ, ನೀವು ಮೂವರೂ ದವಾಖಾನೆಗೆ ಹೋಗಿ ಗುಳಿಗೆ ತೆಗೆದುಕೊಳ್ಳಿ. ಅವನು ಎಲ್ಲಕ್ಕೂ "ಆಯ್ತು, ಆಯ್ತು, ಒದರಬ್ಯಾಡ" ಎಂದ. ಅಂದಂತೆ ಮಾಡಿದ ಕೂಡ. ಕುರಿಯನ್ನು ಆಳಕ್ಕೆ ಹೂತ. ಪಶು ಡಾಕ್ಟರು ಬಂದು ಹಿಂಡಿಗೆಲ್ಲ ಸೂಜಿ ಹಾಕಿದರು. ಆರೋಗ್ಯ ಇಲಾಖೆಯವರು ಮೂವರಿಗೂ ಗುಳಿಗೆ ಕೊಟ್ಟರು. ಉಳಿದಿಬ್ಬರು ನುಂಗಿದರು. ಇವನು ಒಂದು ದಿನ ನುಂಗಿ, ಹೊಟ್ಟೆ ಉರಿಯುತ್ತದೆ ಎಂದು ಬಿಟ್ಟ. ನಾನು ಫೋನ್ ಮಾಡಿ ಕೇಳಿದಾಗ, "ನುಂಗಾಕತ್ತೀನಿ, ಫಿಕರ್ ಮಾಡಬ್ಯಾಡ" ಎಂದ. ಹೊಟ್ಟೆ ಉರಿ ತಡೆಯಲಾರದ ಗಂಡಸು! ಆಮೇಲೆ ಅವನು ತಡೆದುಕೊಂಡದ್ದೇನು ಎಂದು ನೆನೆದರೆ ಈಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಅವನ ಮುಂಗೈಯಲ್ಲಿ ಜಾಲಿಮುಳ್ಳು ಗೀರಿದ ಒಂದು ಗಾಯವಿತ್ತು. ಕುರಿ ಕಾಯುವವರ ಕೈಯಲ್ಲಿ ಅಂಥ ಗೀರು ಇಲ್ಲದ ದಿನವೇ ಇಲ್ಲ. ಅಲ್ಲಿ ಒಂದು ಗುಳ್ಳೆ ಎದ್ದಿತು. ತುರಿಸಿತು. ಒಡೆಯಿತು. ಒಡೆದ ಜಾಗ ಸುಟ್ಟ ರೊಟ್ಟಿಯ ಹಾಗೆ ಕಪ್ಪಾಯಿತು. ಸುತ್ತ ಊದಿಕೊಂಡಿತು. ಆದರೆ ನೋವಿಲ್ಲ. ಈ ರೋಗದ ಗಾಯ ನೋಯುವುದೇ ಇಲ್ಲ, ಅದೇ ಅದರ ಮೋಸ. ನಮ್ಮ ಜನಕ್ಕೆ ರೋಗ ಎಂದರೆ ನೋವು. ನೋವಿಲ್ಲದ್ದನ್ನು ಯಾರು ದವಾಖಾನೆಗೆ ಹೊತ್ತೊಯ್ಯುತ್ತಾರೆ? ಅರಿಷಿಣ ಹಚ್ಚಿ, ತಲೆಗೆ ಸುತ್ತುವ ಟವೆಲ್ಲಿನ ತುದಿ ಹರಿದು ಕಟ್ಟಿಕೊಂಡು ಅವನು ಕುರಿಯ ಹಿಂದೆ ತಿರುಗಿದ.

ಜೋಳದ ಹಿಟ್ಟು ಒಯ್ಯಲು ಅವನು ಭಾತಂಬ್ರಾಕ್ಕೆ ಬಂದಾಗ ಮೊದಲು ಕಂಡುಹಿಡಿದದ್ದು ಅವ್ವ. ಜಳಕಕ್ಕೆ ಅಂಗಿ ಬಿಚ್ಚಲು ಹೋದರೆ ತೋಳೇ ಹೊರಗೆ ಬರಲಿಲ್ಲವಂತೆ. ಮೊಣಕೈಯಿಂದ ಹೆಗಲವರೆಗೆ ಅಷ್ಟು ಊದಿತ್ತು. ಅವ್ವ ಅಂಗಿಯನ್ನು ಹರಿದು ತೆಗೆದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಅಷ್ಟಾದರೂ ಇವನದು ಒಂದೇ ಮಾತು, "ನೋವಿಲ್ಲವಾ, ನೋವೇ ಇಲ್ಲ." ಅವನ ಹೆಂಡತಿ ಒಂದು ಜೀಪು ಹಿಡಿದು ಭಾಲ್ಕಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಕೈ ನೋಡಿ ಕುರಿಯ ಸಂಗತಿ ಕೇಳಿದವರೇ ಮೊದಲ ಸೂಜಿ ಚುಚ್ಚಿ, ಒಂದು ಗಳಿಗೆ ತಡಮಾಡದೆ ಬೀದರಿನ ನಮ್ಮ ಆಸ್ಪತ್ರೆಗೆ ಕಳಿಸಿದರು. ಯಾರನ್ನೂ ದೂರುವ ಹಾಗಿಲ್ಲ. ದೂರಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಸ್ಟ್ರೆಚರಿನ ಮೇಲೆ ಬಂದವನು ನನ್ನನ್ನು ಕಂಡು ನಗಲು ನೋಡಿದ. ಕುತ್ತಿಗೆಯೂ ಊದಿದ್ದರಿಂದ ಮಾತು ತೊದಲುತ್ತಿತ್ತು.

"ಬಾ ಸೊಳ್ಳೀ. ಇವತ್ತ ನನ್ನ ಪಾಳಿ."

"ಬಾಯ್ಮುಚ್ಚು. ಗುಳಿಗಿ ಯಾಕ ನುಂಗಲಿಲ್ಲ?"

"ಬೈಬ್ಯಾಡ ಅಕ್ಕಾ, ಎಲ್ಲಾರೂ ನೋಡಾಕತ್ತಾರ" ಎಂದು ಕಣ್ಣು ಮುಚ್ಚಿಕೊಂಡ.

ಅವನ ರಕ್ತ ನಾನು ತೆಗೆಯಲಿಲ್ಲ. ರಕ್ತವನ್ನೂ ಗಾಯದ ನೀರನ್ನೂ ನರ್ಸ್ ತೆಗೆದು ಕೊಟ್ಟರು. ಲ್ಯಾಬಿನ ಮುಖ್ಯಸ್ಥರಾದ ಮೇಡಂ, "ನೀವು ಬಿಡ್ರಿ, ನಾ ನೋಡ್ತೀನಿ" ಎಂದರು. ಒಪ್ಪಲಿಲ್ಲ, ಅವರ ಪಕ್ಕದಲ್ಲೇ ನಿಂತೆ. ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರು ನೋಡಿದರು, ಸರಿದು ನನಗೆ ಜಾಗ ಬಿಟ್ಟರು. ಗಾಯದ ನೀರಿನಲ್ಲಿ ನೇರಳೆ ಬಣ್ಣದ ಕಡ್ಡಿಗಳು ಒಂದರ ಹಿಂದೆ ಒಂದು ಸಾಲುಗಟ್ಟಿದ್ದವು. ರಕ್ತದ ಗಾಜಿನಲ್ಲೂ ಇದ್ದವು. ರಕ್ತದಲ್ಲಿ ಇರಬಾರದಿತ್ತು. ನಾನು ಮೇಡಂ ಭುಜ ಹಿಡಿದುಕೊಂಡು ನಿಂತೆ.

ಈ ಹುಳದ ಲುಚ್ಚಾತನ ಕೇಳಿ. ನಮ್ಮ ಮೈಯಲ್ಲಿ ಕಾವಲಿನ ಕಣಗಳಿವೆ. ಹೊರಗಿನದು ಏನಾದರೂ ನುಗ್ಗಿದರೆ ಅದನ್ನು ಹಿಡಿದು ನುಂಗುವುದು, ಕೂಗಿ ಉಳಿದ ಕಣಗಳನ್ನು ಕರೆಯುವುದು ಅವುಗಳ ಕೆಲಸ. ಆಂಥ್ರಾಕ್ಸ್ ಬಿಡುವ ವಿಷಕ್ಕೆ ಮೂರು ಭಾಗ. ಒಂದು ಭಾಗ ಕಾವಲಿನ ಕಣಕ್ಕೆ ಅಂಟಿಕೊಂಡು ಬಾಗಿಲು ತೆಗೆಯುತ್ತದೆ. ಉಳಿದ ಎರಡು ಆ ಬಾಗಿಲಿನಿಂದ ಒಳಗೆ ಹೋಗುತ್ತವೆ. ಅವುಗಳಲ್ಲಿ ಒಂದು ನೀರು ತುಂಬಿಸಿ ಊದಿಸುತ್ತದೆ. ಇನ್ನೊಂದು ಕಣದೊಳಗೆ ಸುದ್ದಿ ಸಾಗಿಸುವ ದಾರಿಯನ್ನೇ ಕತ್ತರಿಸುತ್ತದೆ. ಕಾವಲಿನ ಕಣ ಹಿಡಿಯುವುದೂ ಇಲ್ಲ, ಕೂಗುವುದೂ ಇಲ್ಲ, ಸಾಯುತ್ತದೆ. ಆಮೇಲೆ ಹುಳ ಆರಾಮಾಗಿ ರಕ್ತಕ್ಕಿಳಿದು ಬೆಳೆಯುತ್ತದೆ, ಬೆಳೆದಷ್ಟೂ ವಿಷ ಬಿಡುತ್ತದೆ. ಆ ವಿಷ ರಕ್ತನಾಳಗಳನ್ನು ಸೋರುವ ಹಾಗೆ ಮಾಡುತ್ತದೆ, ಎದೆಯ ಗೂಡಿನಲ್ಲಿ ನೀರು ತುಂಬಿಸುತ್ತದೆ, ಹೃದಯದ ಬಲ ಕುಂದಿಸುತ್ತದೆ, ಕಲೇಜಾ ಕೆಡಿಸುತ್ತದೆ.

ಅವ್ವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳುವುದು? ಅವಳು ಊರಲ್ಲೇ ಉಳಿದಿದ್ದಳು. ಮೊಮ್ಮಗಳಿದ್ದಳು, ಮನೆಯಲ್ಲಿ ಬಿಟ್ಟುಹೋದ ಮರಿಗಳಿದ್ದವು. ನನಗೆ ತಿಳಿದಂತೆ ಹೇಳಿದೆ.

"ತ್ವಾಳ ಹಟ್ಟಿಗಿ ಬಂದದವ್ವಾ. ಮೊದಲು ನಾಯಿ ಹಿಡದದ. ಅದಕ್ಕ ನಾಯಿ ಬೊಗಳಲಿಲ್ಲ, ನಮಗ ಗೊತ್ತಾಗಲಿಲ್ಲ."

"ಈಗ ಏನ್ ಮಾಡಾಕತ್ತಾರ?"

"ಹುಳ ಸಾಯೋ ಔಷಧ ಹಚ್ಯಾರ. ರಕ್ತದಾಗಿನ ಹುಳ ಎಲ್ಲಾ ಸಾಯಬೇಕು."

ಅಷ್ಟು ಸಾಕಾಯಿತು ಅವಳಿಗೆ. ಅಂದಿನಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳ ಫೋನ್ ಬರುತ್ತಿತ್ತು. ಜ್ವರ ಕೇಳುತ್ತಿರಲಿಲ್ಲ, ಊಟ ಕೇಳುತ್ತಿರಲಿಲ್ಲ. "ಹುಳ ಸತ್ತಾವೇನ?" ಎಂದು ಇದೊಂದೇ ಕೇಳುವುದು. ಇನ್ನೂ ಇಲ್ಲ ಎಂದರೆ, "ಆಯ್ತು" ಎಂದು ಇಟ್ಟುಬಿಡುತ್ತಿದ್ದಳು. ಮಗನ ಜೀವ ಪೂರಾ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ ಎಂದು ಅವಳು ನಂಬಿದ್ದಳು. ನಿಜ ಹೇಳಬೇಕೆಂದರೆ ಆಗ ನನಗೂ ಬೇರೆ ಪ್ರಶ್ನೆ ಬೇಕಿರಲಿಲ್ಲ.

ಐಸಿಯು ಡಾಕ್ಟರಿಗೆ ಮಾತ್ರ ಬೇರೆ ಪ್ರಶ್ನೆ ಇತ್ತು. ಹುಳ ಕೊಲ್ಲುವ ಔಷಧ ನಮ್ಮಲ್ಲಿ ಸಾಕಷ್ಟಿದೆ, ಆಗಲೇ ರಕ್ತದಲ್ಲಿ ಬೆರೆತ ವಿಷವನ್ನು ಹಿಡಿಯುವ ಮದ್ದು ಬೇರೆಯೇ ಇದೆ, ಅದು ಎಲ್ಲೆಂದರಲ್ಲಿ ಸಿಗುವುದಿಲ್ಲ ಎಂದರು. ನನ್ನೆದುರೇ ನಾಲ್ಕಾರು ಕಡೆ ಫೋನ್ ಹಚ್ಚಿದರು. ಯಾವುದೋ ದೇಶದ ಉಗ್ರಾಣದಲ್ಲಿ ಇರುತ್ತದಂತೆ. ಔರಾದಿನ ಬೀಳು ಹೊಲಕ್ಕೂ ಆ ಉಗ್ರಾಣಕ್ಕೂ ನಡುವೆ ಯಾವ ದಾರಿಯೂ ಇರಲಿಲ್ಲ. ಎದೆಯಲ್ಲಿ ತುಂಬಿದ್ದ ನೀರು ತೆಗೆದರು. ಮತ್ತೆ ತುಂಬಿತು. ಮತ್ತೆ ತೆಗೆದರು. ಉಸಿರಿನ ಕೊಳವೆ ಹಾಕಿದರು. ಅಲ್ಲಿಗೆ ಅವನ ಮಾತು ನಿಂತಿತು.

ನಾನು ಪಾಳಿ ಮುಗಿಸಿ ಮೇಲೆ ಹೋಗಿ ಅವನ ಕಾಲ ಬಳಿ ನಿಲ್ಲುತ್ತಿದ್ದೆ. ತಮ್ಮನ ಹೆಂಡತಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿರುತ್ತಿದ್ದಳು. ಅವಳಿಗೆ ತಿನ್ನಿಸಲು ಹೋಗಿ ನಾನೇ ಬೈದುಬಿಡುತ್ತಿದ್ದೆ, ನೀನೂ ಬಿದ್ದರೆ ನಿನ್ನನ್ನು ಯಾರು ನೋಡಬೇಕು ಎಂದು. ಅವಳು ಒಂದೇ ಒಂದು ಸಲ ತಿರುಗಿ ಮಾತಾಡಿದಳು.

"ಅಕ್ಕಾ, ನೀವು ಬೈದ್ರ ಜರಾ ಧೈರ್ಯ ಬರ್ತದ್ರಿ. ಅಂವ ಸಾಯಂಗಿದ್ರ ನೀವು ಬೈತಿರಲಿಲ್ಲ."

ಅವಳ ಪಕ್ಕದಲ್ಲಿ ಕೂತು ಅತ್ತೆ. ಏನು ಮಾಡಲಿ, ಬೈಯುವುದೂ ಆಗಲಿಲ್ಲ.

ನೋಡಲು ಬಂದ ನೆಂಟರ ಮಾತು ಬೇರೆ. ಸತ್ತ ಕುರಿ ಯಾಕೆ ಮುಟ್ಟಬೇಕಿತ್ತು, ಹಾಳಾಗಿ ಹೋಗಲಿ ಎಂದು ಬಿಡಬಾರದಿತ್ತೇ ಎಂದು ಬಾಳೆಹಣ್ಣು ಹಿಡಿದುಕೊಂಡು ಬಂದು ಬುದ್ಧಿ ಹೇಳಿ ಹೋದರು. ಅವರ ಮನೆಗಳಲ್ಲೂ ಇದೇ ಗುರ್ದಾ ನೋಡುವ ಪದ್ಧತಿ. ಎಲ್ಲರ ಅಪ್ಪಂದಿರೂ ಹೀಗೇ ಅಂಗೈಯಲ್ಲಿಟ್ಟು ಒತ್ತಿದವರೇ. ಅಂಥ ಕುರಿ ಅವರ ಹಿಂಡಿನಲ್ಲಿ ಸಾಯಲಿಲ್ಲ, ನಮ್ಮದರಲ್ಲಿ ಸತ್ತಿತು. ಇಷ್ಟೇ ಫರಕು. ಈಗ ನಮ್ಮ ಊರಲ್ಲಿ ಯಾರೂ ಸತ್ತ ಕುರಿಯನ್ನು ಸೀಳುವುದಿಲ್ಲ, ನನಗೆ ಫೋನ್ ಮಾಡುತ್ತಾರೆ, ನಾನು ಪಶು ಡಾಕ್ಟರನ್ನು ಕಳಿಸುತ್ತೇನೆ. ಒಳ್ಳೆಯದೇ ಆಯಿತು ಎನ್ನುತ್ತಾರೆ. ಆ ಒಳ್ಳೆಯದಕ್ಕೆ ನನ್ನ ತಮ್ಮನೇ ಬೇಕಿತ್ತೇ ಎಂದು ಕೇಳಬೇಕೆನಿಸುತ್ತದೆ, ಯಾರನ್ನು ಕೇಳುವುದು?

ಔಷಧ ಶುರುವಾದ ಮೇಲೆ ಮತ್ತೆ ತೆಗೆದ ರಕ್ತವನ್ನು ಲ್ಯಾಬಿನಲ್ಲಿ ಬೆಳೆಯಲು ಇಟ್ಟಿದ್ದೆವು. ಮೊದಲ ಸಲದ ರಕ್ತದಲ್ಲಿ ಹುಳ ಎಷ್ಟು ಬೇಗ ಬೆಳೆದಿತ್ತೆಂದರೆ ಮರುದಿನಕ್ಕೇ ಕಣ್ಣಿಗೆ ಕಂಡಿತ್ತು. ಈ ಸಲದ್ದನ್ನು ಮೇಡಂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಗಾಜಿನ ಮೇಲೆ ಸವರಿ ನೋಡಿದರು. ಏನೂ ಇಲ್ಲ. ಮರುದಿನ ಮತ್ತೆ ನೋಡಿದರು. ಸ್ವಚ್ಛ. ಒಂದು ಕಡ್ಡಿಯೂ ಇಲ್ಲ.

"ಹೋಗ್ರಿ, ಮ್ಯಾಲೆ ಹೇಳಿ ಬರ್ರಿ" ಎಂದು ಮೇಡಂ ನನ್ನ ಬೆನ್ನು ತಟ್ಟಿದರು. ಅವರ ಕಣ್ಣಲ್ಲೂ ನೀರಿತ್ತು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದೆ. ಐಸಿಯು ಡಾಕ್ಟರು ಕೇಳಿ ತಲೆಯಾಡಿಸಿದರು. "ಛಲೋ ಸುದ್ದಿ. ರಕ್ತದಾಗ ಹುಳ ಉಳಿದಿಲ್ಲ. ಆದ್ರ ನೋಡ್ರಿ, ಮೊದಲೇ ಬಿಟ್ಟ ವಿಷ ಅದ ಅಲ್ಲ, ಅದು ಕಣಗಳ ಒಳಗ ಹೋಗಿಬಿಟ್ಟದ. ಅಲ್ಲಿಂದ ಅದನ್ನ ಹೊರಗ ತರಾಕ ನಮ್ಮ ಕಡಿ ಏನೂ ಇಲ್ಲ. ಅವರ ಹೃದಯ ಎಷ್ಟು ತಡಿತದ ನೋಡೋಣ" ಎಂದರು. ಅವರು ಹೇಳಿದ್ದು ಪೂರ್ತಿ ಅರ್ಥವಾಯಿತು. ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು? ಆದರೂ ಆ ಹೊತ್ತು ಮನಸ್ಸು ಮೊದಲ ಎರಡು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು.

ಹೊರಗೆ ಬರುವಷ್ಟರಲ್ಲಿ ಅವ್ವನ ಫೋನ್.

"ಹುಳ ಸತ್ತಾವೇನ?"

"ಸತ್ತಾವವ್ವಾ. ಎಲ್ಲಾ ಸತ್ತಾವ."

ಆ ಕಡೆಯಿಂದ ಒಂದು ನಗು ಕೇಳಿಸಿತು. ಅಪ್ಪ ಹೋದ ಮೇಲೆ ನಮ್ಮ ಅವ್ವ ಅಷ್ಟು ಬಾಯಿತುಂಬ ನಕ್ಕದ್ದು ನಾನು ಕೇಳಿರಲಿಲ್ಲ. "ಏ, ಕೇಳಿದ್ಯಾ, ನಿಮ್ಮಪ್ಪ ಗೆದ್ದನವ್ವಾ" ಎಂದು ಮೊಮ್ಮಗಳನ್ನು ಕೂಗಿದ್ದು, ಪಕ್ಕದ ಮನೆಯವರನ್ನು ಕೂಗಿದ್ದು ಎಲ್ಲ ಕೇಳಿಸಿತು. "ನಾ ಬರ್ತೇನಿ. ಹುಡುಗಿನ್ನ ಬಾಜೂ ಮನ್ಯಾಗ ಬಿಟ್ಟು ಈಗಿನ ಬಸ್ಸಿಗೇ ಬರ್ತೇನಿ" ಎಂದಳು.

"ಅವ್ವಾ, ಇನ್ನೂ ಏನೂ ಹೇಳಾಕ ಬರಂಗಿಲ್ಲ, ಜರಾ ತಡಿ..." ಎಂದೆ. ಅಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಅವಳು ಬಸ್ಸಿನಲ್ಲಿ ಇದ್ದಾಗಲೇ ಅವನ ರಕ್ತದೊತ್ತಡ ಇಳಿಯತೊಡಗಿತು. ಔಷಧ ಹೆಚ್ಚಿಸಿದರು, ಮತ್ತೊಂದು ಸೇರಿಸಿದರು. ಹೃದಯದ ಗೆರೆ ಪರದೆಯ ಮೇಲೆ ಕಂಪಿಸಿತು, ನಿಧಾನವಾಯಿತು. ಡಾಕ್ಟರು ಎದೆ ಒತ್ತಿದರು, ಒಬ್ಬರು ದಣಿದರೆ ಇನ್ನೊಬ್ಬರು ಒತ್ತಿದರು. ನಾನು ಅವನ ಪಾದ ಹಿಡಿದುಕೊಂಡು, "ಏಳೋ, ಹುಳ ಸತ್ತಾವೋ, ಏಳೋ" ಎಂದು ಹುಚ್ಚಿಯ ಹಾಗೆ ಒದರಿದೆ. ಅವನ ಹೆಂಡತಿ ನನ್ನ ಬಾಯಿ ಮುಚ್ಚಿದಳು. ಹುಳವಿಲ್ಲದ ಸ್ವಚ್ಛ ರಕ್ತ ಮೈತುಂಬ ಇಟ್ಟುಕೊಂಡು ನನ್ನ ತಮ್ಮ ಹೋದ.

ಕಣ್ಣೀರು ಒರೆಸಿಕೊಳ್ಳುವ ಮೊದಲೇ ಮೇಡಂ ಬಂದು ನನ್ನನ್ನು ಬದಿಗೆ ಕರೆದರು. ರಕ್ತ ಸ್ವಚ್ಛವಾದರೂ ಕೈಯ ಆ ಕಪ್ಪು ಗಾಯದಲ್ಲಿ ಬೀಜ ಉಳಿದಿರಬಹುದು, ಆದ್ದರಿಂದ ಈ ರೋಗದಲ್ಲಿ ಹೋದವರ ಮೈ ತೊಳೆಯುವ ಹಾಗಿಲ್ಲ, ಮನೆಯವರು ಮುಟ್ಟುವ ಹಾಗಿಲ್ಲ, ಇಲ್ಲಿಯೇ ಚೀಲದಲ್ಲಿ ಮುಚ್ಚಿ ಕೊಡಬೇಕು ಎಂದರು. ಈ ನಿಯಮ ನನಗೆ ಗೊತ್ತಿತ್ತು. ಹೊಸಬರು ಬಂದಾಗ ನಾನೇ ಹೇಳಿಕೊಡುವ ನಿಯಮ. "ಆಯ್ತ್ರಿ ಮೇಡಂ" ಎಂದೆ. ತಮ್ಮನ ಹೆಂಡತಿಯ ಬಳಿ ಒಬ್ಬ ನರ್ಸನ್ನು ಕೂಡಿಸಿ, ಅವ್ವನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟೆ.

ಭಾಲ್ಕಿಯ ಬಸ್ಸು ಬಂತು. ಅವ್ವ ಎಲ್ಲರಿಗಿಂತ ಮೊದಲು ಇಳಿದಳು, ಕಂಡಕ್ಟರ್ "ಸಾವಕಾಶ ಇಳಿ ಆಯಿ" ಎನ್ನುತ್ತಿದ್ದ. ಒಗೆದ ಸೀರೆ ಉಟ್ಟಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಅಂವನ ಚಪ್ಪಲಿ ತಂದೀನಿ" ಎಂದಳು ನನ್ನನ್ನು ಕಂಡವಳೇ. "ಆವತ್ತ ಗಡಬಡಿ ಒಳಗ ಬರಿಗಾಲಲೇ ಬಂದಾನ. ವಾಪಸ್ ಬರುವಾಗ ಹಂಗ ಬರ್ತಾನೇನ? ಎದ್ದು ಕುಂತಾನೇನ ಈಗ?"

ನಾನು ಚೀಲ ಇಸಿದುಕೊಂಡೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ಯಾಕ? ಹುಳ ಸತ್ತಾವ ಅಂದಿದ್ದಿ."

"ಸತ್ತಾವವ್ವಾ."

"ಎಲ್ಲಾ?"

"ಎಲ್ಲಾ."

"ಮತ್ತ?"

ಅವಳ ಎರಡೂ ಕೈ ಹಿಡಿದುಕೊಂಡೆ. "ಅವು ಸಾಯೋಕಿಂತ ಮೊದಲು ಬಿಟ್ಟ ವಿಷ ಇತ್ತವ್ವಾ. ಅದು ಅಂವನ್ನ ತಗೊಂಡು ಹೋಯ್ತು."

ಅವ್ವ ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಕೂತುಬಿಟ್ಟಳು. ಬಸ್ಸಿನಿಂದ ಇಳಿದ ಮಂದಿ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. "ಸತ್ತ ಮ್ಯಾಲೂ ಬಿಡಲಿಲ್ಲೇನವ್ವಾ ಅವು ನನ್ನ ಮಗನ್ನ?" ಎಂದಳು. ನಾನೂ ಅವಳ ಪಕ್ಕ ಕೂತೆ. ಇಬ್ಬರೂ ಅತ್ತೆವು.

ಕೊನೆಗೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಹೆಗಲು ಹಿಡಿದು ಎದ್ದಳು.

"ನಡಿ. ಹುಟ್ಟಿದಾಗ ಅಂವಗ ಮೊದಲ ನೀರು ಹಾಕಿದಾಕಿ ನಾನು. ಈಗೂ ಬ್ಯಾರೆಯವರ ಕೈಲೆ ಬ್ಯಾಡ, ನಾನೇ ಹಾಕ್ತೇನಿ. ಮಾರಿ ತೊಳೀತೇನಿ, ತಲಿಗಿ ಎಣ್ಣಿ ಹಚ್ಚತೇನಿ. ನಡಿಯವ್ವಾ, ಹೊತ್ತಾಗ್ತದ."

ಆಟೋ ಕರೆದೆ. ಅವಳನ್ನು ಹತ್ತಿಸಿ ಪಕ್ಕದಲ್ಲಿ ಕೂತೆ. ಮುಟ್ಟಲು ಬಿಡುವುದಿಲ್ಲ ಎಂದು ನಾನಿನ್ನೂ ಅವಳಿಗೆ ಹೇಳಿರಲಿಲ್ಲ.